ಆಸೆ ಕಮ್ಮಿ ಅಂದ್ರೆ ಕಾಯಿಲೆನಾ?

ಇವತ್ತಿನ ವಿಷಯ ಸೆಕ್ಸ್, ಬೇಕಿದ್ರೆ ಇಯರ್‌ಫೋನ್ ಹಾಕ್ಕೊಳ್ಳಿ.

"ನನಗೇನೋ ಪ್ರಾಬ್ಲಂ ಇದೆ" ಅಂತ ನಾವೇ ತೀರ್ಮಾನಿಸಿ, ಜಾಹೀರಾತು ನೋಡಿ ಮಾತ್ರೆ ತರಿಸ್ಕೊಳ್ತೀವಿ. ಅದಕ್ಕೂ ಮುಂಚೆ, ಡಾಕ್ಟರ್‌ಗಳು ಇದನ್ನ ಹೇಗೆ ನೋಡ್ತಾರೆ ಅಂತ ಹೇಳ್ತೀನಿ.

1966ರಲ್ಲಿ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಲೈಂಗಿಕ ಸ್ಪಂದನೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು: ಉದ್ರೇಕ, ಅದು ಏರಿ ನಿಲ್ಲುವ ಹಂತ, ಸುಖದ ತುತ್ತತುದಿ, ಆಮೇಲಿನ ವಿಶ್ರಾಂತಿ. ಇದರಲ್ಲಿ ಆಸೆಗೆ ಪ್ರತ್ಯೇಕ ಜಾಗವೇ ಇರಲಿಲ್ಲ. ನಂತರ ಹೆಲೆನ್ ಸಿಂಗರ್ ಕಪ್ಲಾನ್ ಅದನ್ನು ಸೇರಿಸಿದರು. 2000ದಲ್ಲಿ ಕೆನಡಾದ ವೈದ್ಯೆ ರೋಸ್ಮರಿ ಬ್ಯಾಸನ್, ಎಷ್ಟೋ ಹೆಣ್ಣುಮಕ್ಕಳಲ್ಲಿ ಆಸೆ ಮೊದಲೇ ಹುಟ್ಟಬೇಕೆಂದಿಲ್ಲ, ಆಪ್ತತೆ, ಸ್ಪರ್ಶದ ನಂತರವೂ ಬರಬಹುದು ಎಂದು ವಿವರಿಸಿದರು.

ಹಾಗಾದ್ರೆ ಕಾಯಿಲೆ ಅನ್ನೋದು ಯಾವಾಗ? ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಡಿಎಸ್‌ಎಂ-5 ಪ್ರಕಾರ, ಸಾಮಾನ್ಯವಾಗಿ ತೊಂದರೆ ಸುಮಾರು 6 ತಿಂಗಳು ಇರಬೇಕು, ಆ ವ್ಯಕ್ತಿಗೆ ನಿಜವಾಗಿಯೂ ಸಂಕಟ ಕೊಡ್ತಿರಬೇಕು. ಸಂಬಂಧದಲ್ಲಿ ತೀವ್ರ ಕಲಹ, ಬೇರೆ ಕಾಯಿಲೆ ಅಥವಾ ಔಷಧಿಯೇ ಕಾರಣನಾ ಅಂತಾನೂ ನೋಡಬೇಕು. ಸಂಗಾತಿಗಿಂತ ನಿಮಗೆ ಆಸೆ ಕಮ್ಮಿ ಅನ್ನೋದಿಷ್ಟೇ ಸಾಕಾಗಲ್ಲ.

ಹಾಗಂತ ಸುಮ್ನೆ ಸಹಿಸ್ಕೊಳ್ಳೋದೂ ಬೇಡ. ನಿಮಿರುವಿಕೆಯ ತೊಂದರೆ ಪದೇ ಪದೇ ಬಂದ್ರೆ ಅದು ಶುಗರ್ ಅಥವಾ ಹೃದಯದ ಕಾಯಿಲೆಯ ಮೊದಲ ಸುಳಿವಾಗಿರಬಹುದು. ಹೆಣ್ಣುಮಕ್ಕಳಿಗೆ ಸೇರುವಾಗ ನೋವಾಗ್ತಿದ್ರೆ ಸ್ತ್ರೀರೋಗ ತಜ್ಞರಿಗೆ ಹೇಳಿ.

ಡಾಕ್ಟರ್ ಹತ್ರ ಹೋಗೋವಾಗ ಮೂರು ವಿಷಯ ಮೊಬೈಲಲ್ಲಿ ಬರ್ಕೊಳ್ಳಿ: ಯಾವಾಗಿಂದ ಹೀಗಿದೆ, ಪ್ರತಿ ಸಲವೂ ಆಗುತ್ತಾ, ಯಾವ ಮಾತ್ರೆ ತಗೊಳ್ತಿದ್ದೀರಿ. ಬಾಯಿ ಬಿಟ್ಟು ಹೇಳೋಕಾಗದಿದ್ರೆ ಅದನ್ನೇ ತೋರಿಸಿ, ಸಾಕು.