ದೂರದ ಗಣಕಯಂತ್ರವೂ ಮುದ್ರೆಯುಂಗುರವೂ

ಮನೆಯಲ್ಲೇ ಕುಳಿತು ನೂರಾರು ಹರದಾರಿ ಆಚೆಯ ಗಣಕಯಂತ್ರದಲ್ಲಿ ಕೆಲಸ ಮಾಡುವುದೆಂದರೆ ಕೆಲವರಿಗೆ ಪರಕಾಯಪ್ರವೇಶದಂತೆ ತೋರೀತು. ವಾಸ್ತವವಾಗಿ ಅದು ಅಷ್ಟೇನೂ ನಿಗೂಢವಲ್ಲ. ನಿಮ್ಮ ಮಗನೋ ಸೊಸೆಯೋ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳನ್ನು ಮೂಡಿಸುತ್ತ ಕುಳಿತಿರುವುದನ್ನು ನೀವು ಕಂಡಿರಬಹುದು. ಅದಕ್ಕೆ ಟರ್ಮಿನಲ್ ಎಂದು ಹೆಸರು. ಇಲ್ಲಿ ಒತ್ತಿದ ಅಕ್ಷರ ಅಲ್ಲಿಗೆ ಹೋಗುತ್ತದೆ, ಅಲ್ಲಿನ ಉತ್ತರ ಇಲ್ಲಿ ಮೂಡುತ್ತದೆ. ಕೆಲಸವೆಲ್ಲ ನಡೆಯುವುದು ಅಲ್ಲಿಯೇ. ಆ ಯಂತ್ರದಲ್ಲಿ ನಿಮ್ಮ ಹೆಸರಿಗೊಂದು ಖಾತೆಯೂ ಅದಕ್ಕೊಂದು ಗುಪ್ತಪದವೂ ಇರಬೇಕು.

ಈ ವಿದ್ಯೆಗೆ ಅರ್ಧ ಶತಮಾನಕ್ಕೂ ಮಿಗಿಲಾದ ವಯಸ್ಸು. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಯಂತ್ರಕ್ಕೆ 'ಲಾಗಿನ್' ಎಂಬ ಪದವನ್ನು ಕಳುಹಿಸಲು ಹೊರಟ. 'ಎಲ್', 'ಒ' ಎಂಬ ಎರಡಕ್ಷರ ತಲಪಿದ್ದೇ ತಡ, ಅತ್ತಲಿನ ಯಂತ್ರ ನಿಂತುಹೋಯಿತು! ಸುಮಾರು ಒಂದು ಗಂಟೆಯ ಮೇಲೆ ಮತ್ತೆ ಯತ್ನಿಸಿದಾಗ ಕಾರ್ಯ ಕೈಗೂಡಿತು.

ಮುಂದೆ ಬಹುಕಾಲ ಬಳಕೆಯಲ್ಲಿದ್ದ ಟೆಲ್‌ನೆಟ್ ಎಂಬ ಪದ್ಧತಿಯಲ್ಲಿ ಒಂದು ಕುಂದಿತ್ತು. ಗುಪ್ತಪದವು ಲಕೋಟೆಯಿಲ್ಲದ ಕಾರ್ಡಿನಂತೆ ಬಯಲಾಗಿಯೇ ಸಾಗುತ್ತಿತ್ತು. ದಾರಿಯಲ್ಲಿ ಹೊಂಚುಹಾಕಿದವನು ಓದಿಕೊಳ್ಳಬಹುದಾಗಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಹೀಗೆಯೇ ಗುಪ್ತಪದಗಳ ಕಳವಾಯಿತು. ಅಲ್ಲಿನ ಸಂಶೋಧಕ ತಾತು ಯ್ಲೋನೆನ್, ಇಡೀ ಮಾತುಕತೆಯನ್ನೇ ಸಂಕೇತಲಿಪಿಯಲ್ಲಿ ಮುಚ್ಚಿ ಸಾಗಿಸುವ ಎಸ್‌ಎಸ್‌ಎಚ್ ಪದ್ಧತಿಯನ್ನು ರಚಿಸಿದರು. ಟೆಲ್‌ನೆಟ್‌ನ ದ್ವಾರಸಂಖ್ಯೆ 23, ಇದರದು 22. ಸೈಮನ್ ಟ್ಯಾಥಮ್ ಬರೆದ ಪುಟ್ಟಿ ಎಂಬ ತಂತ್ರಾಂಶದಿಂದ ಈ ಬಾಗಿಲನ್ನು ತಟ್ಟಬಹುದು. ಅದಕ್ಕೆ ಬೆಲೆಯಿಲ್ಲ. ಹೆಸರು ಕೇಳಿ ನಮ್ಮ ಹಳ್ಳಿಯ ಹುಡುಗಿಯೊಬ್ಬಳ ನೆನಪಾದರೆ ತಪ್ಪೇನೂ ಇಲ್ಲ.

ದೂರದ ಯಂತ್ರದ ವಿಳಾಸ ಬರೆದು ಗುಂಡಿ ಒತ್ತಿದೊಡನೆ, ಮೊದಲ ಸಲ, ಒಂದು ಎಚ್ಚರಿಕೆಯ ಚೌಕಟ್ಟು ಎದ್ದು ನಿಲ್ಲುತ್ತದೆ. ಅದರಲ್ಲಿ ಅರ್ಥವಿಲ್ಲದಂತೆ ಕಾಣುವ ಉದ್ದನೆಯ ಅಕ್ಷರಮಾಲೆ. ಬಹುಮಂದಿ ಅದನ್ನು ಓದದೆಯೇ ಒಪ್ಪಿಗೆ ಕೊಟ್ಟುಬಿಡುತ್ತಾರೆ. ಸಂಕೇತಲಿಪಿಯಿದ್ದೂ ಗುಪ್ತಪದ ಕಳ್ಳನ ಕೈಸೇರಲು ಇಷ್ಟೇ ಸಾಕು. ಏಕೆಂದರೆ ನಡುವೆ ನಿಂತ ವಂಚಕನ ಯಂತ್ರಕ್ಕೇ ನೀವು ಗುಟ್ಟನ್ನು ಭದ್ರವಾಗಿ ಮುಚ್ಚಿ ಒಪ್ಪಿಸಿರುತ್ತೀರಿ.

ಅಶೋಕವನದ ಸೀತೆಯನ್ನು ನೆನೆಯಿರಿ. ಪಂಚವಟಿಯಲ್ಲಿ ಸನ್ಯಾಸಿವೇಷವನ್ನು ನಂಬಿ ನೊಂದವಳು ಆಕೆ. ಹನುಮಂತನು ರಾಮದೂತನೆಂದು ಹೇಳಿಕೊಂಡಾಗ, ಇವನೂ ವೇಷಧಾರಿ ರಾವಣನೇ ಇರಬಹುದೆಂದು ಶಂಕಿಸಿದಳು. ಗುರುತಿನ ಮಾತುಗಳನ್ನು ಕೇಳಿ, ರಾಮನ ಮುದ್ರೆಯುಂಗುರವನ್ನು ಕಂಡಳು. ಆ ಅಕ್ಷರಮಾಲೆಯೇ ದೂರದ ಯಂತ್ರದ ಮುದ್ರೆಯುಂಗುರ. ಗುಪ್ತಪದದಿಂದ ಯಂತ್ರವು ನಿಮ್ಮನ್ನು ಗುರುತಿಸುತ್ತದೆ. ಇದರಿಂದ ನೀವು ಯಂತ್ರವನ್ನು ಗುರುತಿಸಬೇಕು.

ಖಾತೆ ಕೊಟ್ಟ ಕಚೇರಿಯವರಿಂದ ಆ ಸಾಲನ್ನು ಮೊದಲೇ ಕೇಳಿ ಪಡೆಯಿರಿ. ದೂರವಾಣಿಯಲ್ಲಾದರೂ ಸರಿ, ಕಾಗದದಲ್ಲಾದರೂ ಸರಿ. ಅದೇ ಪರದೆಯ ದಾರಿಯಲ್ಲಿ ಮಾತ್ರ ಬೇಡ. ಅಕ್ಷರಕ್ಕೆ ಅಕ್ಷರ ತಾಳೆಯಾದರೆ ಒಪ್ಪಿರಿ. ಮುಂದಿನ ಸಲ ತಂತ್ರಾಂಶವೇ ನೆನಪಿಟ್ಟು ನೋಡಿಕೊಳ್ಳುತ್ತದೆ. ಎಂದಾದರೂ ಮುದ್ರೆ ಬದಲಾಗಿದೆಯೆಂದು ಅದು ಕೂಗಿದರೆ, ಅತ್ತ ಯಂತ್ರವನ್ನು ಹೊಸದಾಗಿ ಸಜ್ಜುಗೊಳಿಸಿರಲೂಬಹುದು, ವಂಚನೆಯೂ ಇರಬಹುದು. ವಿಚಾರಿಸುವವರೆಗೆ ಗುಪ್ತಪದವನ್ನು ಬರೆಯಬೇಡಿ.

ಗುಪ್ತಪದವನ್ನು ಬರೆಯುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದು. ಕೀಲಿಮಣೆ ಕೆಟ್ಟಿತೆಂದು ಗಾಬರಿಪಡಬೇಡಿ. ಪಕ್ಕದವರಿಗೆ ಅಕ್ಷರಗಳ ಎಣಿಕೆಯೂ ಸಿಗಬಾರದೆಂದು ಹಾಗೆ ಮಾಡಿದ್ದಾರೆ. ಪೂರ್ತಿ ಬರೆದು ಎಂಟರ್ ಒತ್ತಿರಿ. ಕೆಲಸ ಮುಗಿದಾಗ 'ಎಕ್ಸಿಟ್' ಎಂದು ಬರೆದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.