ನೀರು ಆರಿದ ಮೇಲೆ



ದೀಕ್ಷಾಸ್ನಾನ ಮತ್ತು ಹೊಸ ಹುಟ್ಟು ನಮ್ಮ ಸಂಕಿರಣದ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಇವೆರಡೂ ಒಂದೇ ಅಲ್ಲ. ದೀಕ್ಷಾಸ್ನಾನ ಒಂದು ದಿನ, ನಾಲ್ಕು ಜನರ ಎದುರಿಗೆ, ನೀರಿನಲ್ಲಿ ಆಗಿಹೋಗುತ್ತದೆ. ಹೊಸ ಹುಟ್ಟಿಗೆ ಹಾಗೆ ದಿನ ಗೊತ್ತುಮಾಡಲು ಬರುವುದಿಲ್ಲ. ಅದು ಮೊದಲೇ ಆಗಿರಬಹುದು, ಎಷ್ಟೋ ವರ್ಷಗಳ ಮೇಲೂ ಆಗಬಹುದು. ಎರಡನ್ನೂ ಕೂಡಿಸುವ ಹೊಣೆ ಸಭೆಯದು. ಆ ಹೊಣೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಮ್ಮ ಸಭೆಗಳು ಹೇಗೆ ಹೊತ್ತಿವೆ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ನಿಕೊದೇಮ ರಾತ್ರಿ ಹೊತ್ತು ಯೇಸುವಿನ ಬಳಿ ಬರುತ್ತಾನೆ. ಅವನು ಶಾಸ್ತ್ರ ಬಲ್ಲವನು, ಊರಿಗೆ ದೊಡ್ಡವನು. ನೀರಿನಿಂದಲೂ ಆತ್ಮನಿಂದಲೂ ಹುಟ್ಟಬೇಕು ಎಂಬ ಮಾತು ಅವನಿಗೇ ಅರ್ಥವಾಗುವುದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಇದೇ ನೀರನ್ನು ಸಮಾಧಿಗೆ ಹೋಲಿಸುತ್ತಾನೆ: ಮುಳುಗುವವನು ಕ್ರಿಸ್ತನೊಂದಿಗೆ ಸಾಯುತ್ತಾನೆ, ಏಳುವವನು ಅವನೊಂದಿಗೆ ಏಳುತ್ತಾನೆ. ಆದಿ ಸಭೆಯ ಕೈಪಿಡಿಯಾದ ‘ದಿದಾಖೆ’ ಈ ವಿಷಯದಲ್ಲಿ ಬಹಳ ಸರಳ. ಹರಿಯುವ ನೀರಿದ್ದರೆ ಅದು, ಇಲ್ಲದಿದ್ದರೆ ಬೇರೆ ನೀರು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರೆ ಸಾಕು ಎನ್ನುತ್ತದೆ. ನೀರಿನ ಅಳತೆಗೆ ಜಗಳವಾಡುವ ನಾವು ಆ ಪುಟವನ್ನು ಮತ್ತೆ ಮತ್ತೆ ಓದಬೇಕು.

ನಮ್ಮ ಹಳ್ಳಿಗಳ ಪೆಂತೆಕೋಸ್ತ ಸಭೆಗಳಲ್ಲಿ ಈ ವಿಧಿ ನಡೆಯುವುದನ್ನು ನೋಡಿದವರಿಗೆ ಗೊತ್ತು. ಪಾಸ್ಟರು ಸೊಂಟಮಟ್ಟದ ನೀರಿನಲ್ಲಿ ನಿಂತು, ಒಂದು ಕೈಯನ್ನು ದೀಕ್ಷೆ ಪಡೆಯುವ ಹೆಣ್ಣುಮಗಳ ಬೆನ್ನಿಗೆ ಆನಿಸಿ, ಇನ್ನೊಂದರಿಂದ ಎದೆಯ ಮೇಲೆ ಕಟ್ಟಿಕೊಂಡ ಅವಳ ಕೈಗಳನ್ನು ಹಿಡಿದು, ತಂದೆ, ಮಗ, ಪವಿತ್ರಾತ್ಮ ಎಂಬ ಹೆಸರಿನಲ್ಲಿ ಹಿಂದಕ್ಕೆ ಬಾಗಿಸಿ ಮುಳುಗಿಸುತ್ತಾರೆ. ಎದ್ದವಳಿಗೆ ದಂಡೆಯ ಮೇಲಿನ ಹೆಂಗಸರು ಟವೆಲ್ ಹೊದಿಸುತ್ತಾರೆ. ಮೆಥಡಿಸ್ಟ್ ಮತ್ತು ಕಥೋಲಿಕ ದೇವಾಲಯಗಳಲ್ಲಿ ತಾಯಿಯ ತೋಳಿನಲ್ಲಿರುವ ಕೂಸಿನ ತಲೆಗೆ ಬೀಳುವುದು ಬೊಗಸೆ ನೀರು. ಎರಡೂ ಕಡೆ ಸ್ವಲ್ಪ ಹೊತ್ತಿಗೆ ನೀರು ಆರುತ್ತದೆ. ಮೈಮೇಲೆ ಗುರುತು ಉಳಿಯುವುದಿಲ್ಲ.

ನಿಡಸೋಸಿ, ಅರಭಾವಿಯ ಲಿಂಗಾಯತ ಮಠಗಳ ನೆರಳಿನಲ್ಲಿ ಬೆಳೆದ ನಮಗೆ ದೀಕ್ಷೆ ಹೊಸ ಮಾತೇನಲ್ಲ. ಭವಿತನ ಕಳೆದು ಭಕ್ತನಾಗುವುದು, ಗುರುವಿನ ಕೈಯಲ್ಲಿ ಮತ್ತೆ ಹುಟ್ಟುವುದು, ಇವೆಲ್ಲ ಶರಣರು ಈ ನೆಲಕ್ಕೆ ಕಲಿಸಿದ ಪಾಠ. ಅಲ್ಲಿ ಇಷ್ಟಲಿಂಗ ದಿನವೂ ಅಂಗದ ಮೇಲಿದ್ದು ನೆನಪು ಕೊಡುತ್ತದೆ. ಕ್ರೈಸ್ತನಿಗೆ ಅಂಥ ಲಾಂಛನವಿಲ್ಲ. ಆರಿಹೋದ ನೀರಿಗೆ ಅವನ ನಡತೆಯೊಂದೇ ಸಾಕ್ಷಿ. ಎರಡು ಪರಂಪರೆಗಳ ದೀಕ್ಷೆಯನ್ನು ಜೊತೆಗಿಟ್ಟು ಓದುವ ಪ್ರಬಂಧವೊಂದು ಈ ಸಂಕಿರಣದಿಂದ ಬಂದರೆ ನನಗೆ ತುಂಬ ಸಂತೋಷ.

ನಮ್ಮ ಸಭೆಗಳ ಇತಿಹಾಸವನ್ನೇ ನೋಡಿದರೆ, ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ, ಬಳ್ಳಾರಿಯಿಂದ ಜೋಸೆಫ್ ಟೇಲರ್ ಮೂಲಕ. 1904ರಲ್ಲಿ ಆ ಕ್ಷೇತ್ರ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವರು, ಪಾದ್ರಿಯೂ ಆದವರು. ಆದರೂ ಅವರ ಒಳಗು ಕದಲಿದ್ದು 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ. ದೀಕ್ಷಾಸ್ನಾನವೇ ಹೊಸ ಹುಟ್ಟಲ್ಲ ಎಂದು ಅವರು ಮುಂದೆ ಬಿಚ್ಚುಮಾತಿನಲ್ಲಿ ಬೋಧಿಸಿದರು. ಇದೇ ಬೋಧನೆಯ ವಾರಸುದಾರರು ನಾವು.

ಇನ್ನೂ ಹತ್ತಿರದ ಎರಡು ಬದುಕುಗಳನ್ನು ನೋಡಿ. ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್‌ನಲ್ಲಿ, ಪುಟ್ಟ ಮಗಳು ಮನೋರಮೆಯೊಂದಿಗೆ ದೀಕ್ಷಾಸ್ನಾನ ಪಡೆದರು. ಆದರೆ ತನಗೆ ಅಂದು ಸಿಕ್ಕಿದ್ದು ಕ್ರೈಸ್ತಧರ್ಮ, ಕ್ರಿಸ್ತನಲ್ಲ; ಕ್ರಿಸ್ತ ಸಿಕ್ಕಿದ್ದು ಸುಮಾರು ಎಂಟು ವರ್ಷಗಳ ಮೇಲೆ ಎಂದು 1907ರ ತಮ್ಮ ಸಾಕ್ಷ್ಯದಲ್ಲಿ ಬರೆದರು. ಸಂಸ್ಕೃತದಲ್ಲಿ ಪಂಡಿತರನ್ನೇ ಬೆರಗುಗೊಳಿಸಿದ ಹೆಂಗಸು, ತನ್ನ ದೀಕ್ಷೆಯ ಕೊರತೆಯನ್ನು ಇಷ್ಟು ನೇರವಾಗಿ ಹೇಳಿಕೊಂಡರು. ನಮ್ಮಲ್ಲಿ ಎಷ್ಟು ಜನಕ್ಕೆ ಆ ಧೈರ್ಯವಿದೆ?

ಲಕ್ಷ್ಮೀಬಾಯಿ ತಿಲಕರದು ಇದಕ್ಕೆ ತಿರುಗುಮುರುಗು. ಪತಿ, ಮರಾಠಿ ಕವಿ ನಾರಾಯಣ ವಾಮನ ತಿಲಕರು 1895ರಲ್ಲಿ ಕ್ರೈಸ್ತರಾದಾಗ ಅವರ ಸಂಸಾರವೇ ಒಡೆಯಿತು. ಮುಂದೆ ಗಂಡನ ಬಳಿಗೆ ಬಂದ ಮೇಲೂ ಲಕ್ಷ್ಮೀಬಾಯಿ ತಮ್ಮ ಮಡಿಯನ್ನು ಬಿಡಲಿಲ್ಲ. ಅನ್ನ ನೀರು ಬೇರೆಯೇ. ಹಾಗೆ ಹಟ ಹಿಡಿದವರ ಮನಸ್ಸಿನಲ್ಲಿ, ಮನುಷ್ಯರಲ್ಲಿ ಮೇಲುಕೀಳು ಮಾಡಿದವನು ದೇವರಲ್ಲ ಎಂಬುದು ಬೇರೂರಿ, ಮಡಿ ಕಳಚಿ ಬಿತ್ತು. ದೀಕ್ಷಾಸ್ನಾನ ಆದದ್ದು ಅದಾದ ಮೇಲೆ, 1900ರಲ್ಲಿ. ‘ಸ್ಮೃತಿಚಿತ್ರೆ’ ಎಂಬ ಅವರ ಆತ್ಮಕಥೆಯನ್ನು ಗಡಿಯ ಈಚೆಗಿರುವ ನಾವು, ಮರಾಠಿಯನ್ನೂ ಆಡುವ ನಾವು, ಓದದೆ ಬಿಡಬಾರದು. ಅವರ ಪತಿ ತಿಲಕರಂತೂ 1917ರಲ್ಲಿ ಮಿಷನ್ನಿನ ಕೆಲಸ ಬಿಟ್ಟು ಸಾತಾರೆಯಲ್ಲಿ ‘ದೇವಾಚಾ ದರ್ಬಾರ್’ ಎಂಬ ಬಳಗ ಕಟ್ಟಿದರು. ದೀಕ್ಷಾಸ್ನಾನ ಪಡೆದವರೂ ಪಡೆಯದವರೂ ಅಲ್ಲಿ ಕ್ರಿಸ್ತನ ಶಿಷ್ಯರಾಗಿ ಒಂದಾಗಿರಬೇಕೆಂಬುದು ಅವರ ಹಂಬಲ.

ಆ ದರ್ಬಾರಿನ ಪ್ರಶ್ನೆ ಇವತ್ತು ನಮ್ಮ ಕೇರಿಗಳಲ್ಲಿ ಬೇರೊಂದು ರೂಪದಲ್ಲಿದೆ. ಭಾನುವಾರ ತಪ್ಪದೆ ಪ್ರಾರ್ಥನೆಗೆ ಬರುವವರು, ಉಪವಾಸ ಕೂಡುವವರು, “ಸ್ನಾನ ತಗೋತೀರೇನ್ರಿ?” ಎಂದರೆ ತಲೆ ತಗ್ಗಿಸುತ್ತಾರೆ. ಅದಕ್ಕೆ ಕಾರಣ ಅವಿಶ್ವಾಸವಲ್ಲ, ಮಕ್ಕಳ ಜಾತಿ ಪ್ರಮಾಣಪತ್ರ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅವರು ಪ್ರವರ್ಗ 1ರಲ್ಲಿದ್ದಾರೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಮಹಿಳೆಯೊಬ್ಬರ ಜಾತಿ ಪ್ರಮಾಣಪತ್ರದ ಅರ್ಜಿಯನ್ನು ತಳ್ಳಿಹಾಕಿದಾಗ, ಅವರಿಗೆ ಶಿಶುವಾಗಿದ್ದಾಗ ಆದ ದೀಕ್ಷಾಸ್ನಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ನಮ್ಮ ರಾಜ್ಯದ 2022ರ ಮತಾಂತರ ಕಾಯ್ದೆ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ವಿಧಿಸಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೀಗಿರುವಾಗ ನೀರಿಗಿಳಿಯಲು ಹಿಂಜರಿಯುವ ತಾಯಿಯನ್ನು ಅಲ್ಪವಿಶ್ವಾಸಿ ಎಂದು ಕರೆಯುವ ಹಕ್ಕು, ಜಾತಿಯ ಪೆಟ್ಟು ತಿನ್ನದ ಯಾರಿಗೂ ಇಲ್ಲ. ಒಬ್ಬರ ಆತ್ಮದ ಸಂಗತಿಯನ್ನು ಸರ್ಕಾರಿ ಅರ್ಜಿಯ ಅಂಕಣಕ್ಕೆ ತುರುಕುವುದು ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಆದರೆ ಅನ್ಯಾಯ ಹೊರಗೆ ಮಾತ್ರ ಇಲ್ಲ. ಊರ ಬಾವಿಗೆ ಕೊಡ ಇಳಿಸಲು ಬಿಡದ ಜನರ ನಡುವೆ, ಒಂದೇ ನೀರಿನಲ್ಲಿ ಎಲ್ಲರೂ ಮುಳುಗಬಹುದು ಎಂಬ ಸುದ್ದಿ ನಮ್ಮ ಹಿರಿಯರಿಗೆ ಎಂಥ ಬಿಡುಗಡೆಯಾಗಿ ಕೇಳಿಸಿರಬೇಕು! ಅದೇ ನೀರಿನಿಂದ ಎದ್ದ ನಾವು ಮದುವೆಯ ಮಾತು ಬಂದಾಗ ಮೊದಲು ಕೇಳುವುದು ಯಾವ ಕೇರಿಯವರು ಎಂದು. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ದೀಕ್ಷಾಸ್ನಾನದ ಬೆನ್ನಿಗೇ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದ ಅಳಿಯಿತೆನ್ನುತ್ತಾನೆ. ಲಕ್ಷ್ಮೀಬಾಯಿ ನೀರಿಗಿಳಿಯುವ ಮೊದಲೇ ದಾಟಿದ್ದನ್ನು ನಾವು ಮೂರು ತಲೆಮಾರಾದರೂ ದಾಟಿಲ್ಲ.

ಇನ್ನು ಮರುದೀಕ್ಷೆಯ ವಿಚಾರ. ಮೆಥಡಿಸ್ಟ್ ಮನೆಯ ಹುಡುಗ ಪೆಂತೆಕೋಸ್ತ ಸಭೆಗೆ ಹೋಗಿ ಮತ್ತೆ ಮುಳುಗುತ್ತಾನೆ. ಮನೆಯಲ್ಲಿ ಅವ್ವ ಅಳುತ್ತಾಳೆ. ಜಾಗತಿಕ ಸಭೆಗಳ ಒಕ್ಕೂಟ 1982ರ ಲಿಮಾ ದಾಖಲೆಯಲ್ಲಿ ದೀಕ್ಷಾಸ್ನಾನವನ್ನು ಮತ್ತೊಮ್ಮೆ ಮಾಡಲು ಬಾರದು ಎಂದಿತು. ನಾನೂ ಹಾಗೇ ಹೇಳುತ್ತೇನೆ. ಅವ್ವನ ನಂಬಿಕೆಯನ್ನು ಅಳಿಸಿ ಮಗನ ನಂಬಿಕೆ ಬರೆಯಬೇಕಾಗಿಲ್ಲ. ಹಾಗೆಂದು ಕೂಸಿನ ತಲೆಗೆ ನೀರು ಹಾಕಿ, ಫೋಟೊ ತೆಗೆಸಿ, ಊಟ ಹಾಕಿಸಿ ಮರೆತುಬಿಡುವ ಸಭೆಗಳ ಪರ ನಾನಿಲ್ಲ. ಆ ಹುಡುಗನಿಗೆ ಹದಿಹರೆಯದಲ್ಲಿ ಕೂತು ಕಲಿಸಿದವರು ಯಾರೂ ಇರಲಿಲ್ಲ. ಹಸಿದವನು ಊಟ ಇರುವ ಕಡೆ ಹೋದ.

ಈ ಮೂರು ತಾಲೂಕುಗಳ ಹಳೆಯ ಸಭೆಗಳ ಕಪಾಟುಗಳಲ್ಲಿ ದೀಕ್ಷಾಸ್ನಾನದ ರಿಜಿಸ್ಟರುಗಳಿವೆ. ಅವನ್ನು ಗೆದ್ದಲು ಮುಟ್ಟುವ ಮೊದಲು ಓದಬೇಕು. ಯಾರು ಹೆಸರು ಬದಲಿಸಿಕೊಂಡರು, ಯಾರು ಅಪ್ಪ ಇಟ್ಟ ಹೆಸರನ್ನೇ ಉಳಿಸಿಕೊಂಡರು, ಮೊದಲು ಬಂದವರು ಗಂಡಸರೋ ಹೆಂಗಸರೋ, ಒಂದೇ ದಿನ ಒಂದೇ ಓಣಿಯವರು ಎಷ್ಟು ಜನ, ಇವೆಲ್ಲ ನಮಗೆ ತಿಳಿಯಬೇಕು. ಜೊತೆಗೆ ಆ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಸಭೆಯ ಹಿಂದಿನ ಸಾಲಿನಲ್ಲಿ ಕೂರುವವರ ಮಾತನ್ನೂ ಕೇಳಿ ಬರೆದುಕೊಳ್ಳಬೇಕು. ಅವರು ಒಪ್ಪಿದರೆ ಮಾತ್ರ, ಹೆಸರು ಹಾಕದೆ. ಮಧ್ಯಾಹ್ನದ ಗೋಷ್ಠಿಯನ್ನು ಈ ಕೆಲಸದಿಂದಲೇ ಆರಂಭಿಸಿ ಎಂದು ಸಂಘಟಕರನ್ನು ಕೋರುತ್ತೇನೆ.