ಜಿಲ್ಲೆ ಅಳಿದ ಮೇಲೆ ಉಳಿದದ್ದು: ಟೊಂಡರ್ನ್ ಜಿಲ್ಲೆಯ ಚರಿತ್ರೆಯಿಂದ ಗಡಿನಾಡ ಶಿಕ್ಷಕರಿಗೊಂದು ಪಾಠ

(ಗಡಿನಾಡ ಕನ್ನಡ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಕೆಲವು ವರ್ಷಗಳ ಹಿಂದೆ ರಾಯದುರ್ಗದ ಕಡೆಯ ಒಂದು ಕನ್ನಡ ಶಾಲೆಗೆ ಪಾಠವೀಕ್ಷಣೆಗೆಂದು ಹೋಗಿದ್ದೆ. ಏಳನೆಯ ತರಗತಿಯ ಬಾಲಕನೊಬ್ಬ ಮನೆಯಲ್ಲಿದ್ದ ಹಳೆಯ ಕ್ರಯಪತ್ರವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ತಂದಿದ್ದ. ಅದರಲ್ಲಿ ‘ಬಳ್ಳಾರಿ ಜಿಲ್ಲೆ, ರಾಯದುರ್ಗ ತಾಲ್ಲೂಕು’ ಎಂದಿತ್ತು. “ಸರ್, ನಮ್ಮದು ಅನಂತಪುರ ಜಿಲ್ಲೆಯಲ್ಲವೇ? ಇದರಲ್ಲಿ ತಪ್ಪು ಬರೆದಿದ್ದಾರೆಯೇ?” ಎಂದು ಕೇಳಿದ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟುದನ್ನು ಅವನಿಗೆ ತಿಳಿಸಿದೆ. ಹುಡುಗ ಕ್ಷಣಕಾಲ ಯೋಚಿಸಿ, “ಹಾಗಾದರೆ ನಮ್ಮ ಮನೆಯ ಮಾತು ಮಾತ್ರ ಏಕೆ ಬದಲಾಗಲಿಲ್ಲ ಸರ್?” ಎಂದ.

ಆ ಪ್ರಶ್ನೆಗೆ ಅಂದು ನಾನು ಸಮರ್ಪಕವಾಗಿ ಉತ್ತರಿಸಲಿಲ್ಲ. ನಮ್ಮ ಗಡಿಯ ವಿಷಯ ಬಂದೊಡನೆ ನಮ್ಮ ಮನಸ್ಸು ಬಿಸಿಯಾಗುತ್ತದೆ. ಬಿಸಿಯಾದ ಮನಸ್ಸು ಮಕ್ಕಳಿಗೆ ಸರಿಯಾಗಿ ಪಾಠ ಹೇಳಲಾರದು. ಆದುದರಿಂದ ಇಂದು ದೂರದ ಒಂದು ಗಡಿನಾಡಿನ ಕಥೆಯನ್ನು ತಮ್ಮ ಮುಂದಿಡುತ್ತೇನೆ. ಅದು ಜರ್ಮನಿಯ ಉತ್ತರದ ಅಂಚಿನಲ್ಲಿದ್ದು ಈಗ ಇಲ್ಲವಾಗಿರುವ ಟೊಂಡರ್ನ್ ಎಂಬ ಗ್ರಾಮೀಣ ಜಿಲ್ಲೆಯ ಕಥೆ.

ಜರ್ಮನಿಯಲ್ಲಿ ಜಿಲ್ಲೆಯನ್ನು ‘ಕ್ರೈಸ್’ ಎನ್ನುತ್ತಾರೆ. ವಿಸ್ತಾರದಲ್ಲಿ ಅದು ನಮ್ಮ ದೊಡ್ಡ ತಾಲ್ಲೂಕಿಗೆ ಸಮೀಪ, ಅಧಿಕಾರದಲ್ಲಿ ಜಿಲ್ಲೆಯಂತೆ. ಅದರ ಮುಖ್ಯಸ್ಥನಿಗೆ ‘ಲಾಂಡ್‌ರಾಟ್’ ಎಂದು ಹೆಸರು. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಶ್ಲೆಸ್‌ವಿಗ್ ಮತ್ತು ಹೋಲ್‌ಸ್ಟೈನ್ ಸಂಸ್ಥಾನಗಳನ್ನು ಬಿಟ್ಟುಕೊಡಬೇಕಾಯಿತು. 1866ರ ಯುದ್ಧದ ತರುವಾಯ ಅವು ಪ್ರಷ್ಯಾದ ಕೈಸೇರಿದವು. 1867ರಲ್ಲಿ ಪ್ರಷ್ಯಾ ಸರ್ಕಾರವು ಆ ಸೀಮೆಯನ್ನು ತನ್ನ ಪದ್ಧತಿಯಂತೆ ಜಿಲ್ಲೆಗಳಾಗಿ ವಿಂಗಡಿಸಿತು. ಪಶ್ಚಿಮ ಕರಾವಳಿಯ ಜೌಗು ಬಯಲು, ಟೊಂಡರ್ನ್ ಪಟ್ಟಣ, ಸಿಲ್ಟ್, ಫ್ಯೋರ್, ಆಮ್ರುಮ್ ಮುಂತಾದ ದ್ವೀಪಗಳು ಸೇರಿ ಟೊಂಡರ್ನ್ ಜಿಲ್ಲೆಯಾಯಿತು.

ಈ ಚಿಕ್ಕ ಜಿಲ್ಲೆಯಲ್ಲಿ ಐದು ನುಡಿಗಳು ಕಿವಿಗೆ ಬೀಳುತ್ತಿದ್ದವು. ಕಚೇರಿ ಮತ್ತು ಗ್ರಂಥಗಳಲ್ಲಿ ಶಿಷ್ಟ ಜರ್ಮನ್. ಸಂತೆ ಪೇಟೆಗಳಲ್ಲಿ ತಗ್ಗುನಾಡ ಜರ್ಮನ್. ಉತ್ತರದ ಹಳ್ಳಿಗಳಲ್ಲಿ ಡ್ಯಾನಿಶ್‌ನ ಒಂದು ಉಪಭಾಷೆ. ಚರ್ಚು ಮತ್ತು ಪುಸ್ತಕಗಳ ಶಿಷ್ಟ ಡ್ಯಾನಿಶ್. ಪಶ್ಚಿಮದ ಬಯಲಿನಲ್ಲೂ ದ್ವೀಪಗಳಲ್ಲೂ ಉತ್ತರ ಫ್ರೀಸಿಯನ್. ಕಾಸರಗೋಡಿನ ಮನೆಗಳಲ್ಲಿ ತುಳು, ಕೊಂಕಣಿ, ಮಲೆಯಾಳ, ಕನ್ನಡಗಳ ನಡುವೆ ಬೆಳೆದ ನಮ್ಮ ಸ್ನೇಹಿತರಿಗೆ ಇದು ಅಚ್ಚರಿಯೆನಿಸದು. ಟೊಂಡರ್ನ್ ಪಟ್ಟಣದಲ್ಲಿ 1788ರಷ್ಟು ಹಿಂದೆಯೇ ಶಿಕ್ಷಕರ ತರಬೇತಿ ಸಂಸ್ಥೆಯೊಂದು ಸ್ಥಾಪನೆಯಾಗಿತ್ತೆಂಬುದನ್ನು ನಾವು ವಿಶೇಷವಾಗಿ ನೆನೆಯಬೇಕು.

ಇನ್ನು ಶಾಲೆಯ ಮಾತು. 1888ರಲ್ಲಿ ಪ್ರಷ್ಯಾದ ಆಡಳಿತವು ಆಜ್ಞೆಯೊಂದನ್ನು ಹೊರಡಿಸಿ, ಉತ್ತರ ಶ್ಲೆಸ್‌ವಿಗ್‌ನ ಪ್ರಾಥಮಿಕ ಶಾಲೆಗಳಲ್ಲಿ ಧರ್ಮಪಾಠವೊಂದನ್ನುಳಿದು ಎಲ್ಲ ವಿಷಯಗಳಿಗೂ ಜರ್ಮನ್ ಭಾಷೆಯನ್ನೇ ಮಾಧ್ಯಮವಾಗಿ ವಿಧಿಸಿತು. ಅಂದರೆ ಡ್ಯಾನಿಶ್ ಮಾತನಾಡುವ ಮಗು ದೇವರನ್ನು ತಾಯಿನುಡಿಯಲ್ಲಿ ಅರಿಯಬಹುದಾಗಿತ್ತು. ಲೆಕ್ಕವನ್ನೂ ಭೂಗೋಳವನ್ನೂ ಅರಿಯುವಂತಿರಲಿಲ್ಲ. ಜನರು ಇದಕ್ಕೆ ಕೊಟ್ಟ ಉತ್ತರ ಗಮನಾರ್ಹವಾದುದು. 1880ರಲ್ಲೇ ಹುಟ್ಟಿದ್ದ ಭಾಷಾಸಂಘವು ಡ್ಯಾನಿಶ್ ಪುಸ್ತಕಗಳನ್ನು ಮನೆಮನೆಗೆ ಮುಟ್ಟಿಸಿತು. 1892ರಲ್ಲಿ ಸ್ಥಾಪಿತವಾದ ಶಾಲಾಸಂಘವು ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳು ಡೆನ್ಮಾರ್ಕಿಗೆ ಹೋಗಿ ಕಲಿಯಲು ನೆರವಾಯಿತು. ಶಾಲೆ ಕೈಬಿಟ್ಟ ಭಾಷೆಯನ್ನು ಮನೆಯೂ ಗ್ರಂಥಾಲಯವೂ ಎತ್ತಿಕೊಂಡವು.

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ, ವರ್ಸೇಲ್ಸ್ ಒಪ್ಪಂದದಂತೆ, ಇಲ್ಲಿ ಜನಮತಗಣನೆ ನಡೆಯಿತು. ಉತ್ತರದ ಮೊದಲ ವಲಯ 1920ರ ಫೆಬ್ರವರಿ 10ರಂದು ಮತ ನೀಡಿತು. ದಕ್ಷಿಣದ ಎರಡನೆಯ ವಲಯ ಮಾರ್ಚ್ 14ರಂದು. ಮೊದಲ ವಲಯದಲ್ಲಿ ಮತಗಳನ್ನು ಇಡಿಯಾಗಿ ಎಣಿಸುವ ನಿಯಮವಿತ್ತು; ಎರಡನೆಯದರಲ್ಲಿ ಗ್ರಾಮವಾರು ಎಣಿಕೆ. ಮೊದಲ ವಲಯದಲ್ಲಿ ಶೇಕಡ 75ರಷ್ಟು ಮತಗಳು ಡೆನ್ಮಾರ್ಕಿನ ಪರವಾದವು. ಎರಡನೆಯದರಲ್ಲಿ ಶೇಕಡ 80ರಷ್ಟು ಜರ್ಮನಿಯ ಪರವಾದವು.

ಈ ಅಂಕಿಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಒಳಹೊಕ್ಕು ನೋಡಿದರೆ ಗಡಿಯ ನೋವು ತಿಳಿಯುತ್ತದೆ. ಟೊಂಡರ್ನ್ ಪಟ್ಟಣದಲ್ಲಿ ನಾಲ್ಕರಲ್ಲಿ ಮೂರು ಪಾಲು ಮತಗಳು ಜರ್ಮನಿಗೆ ಬಿದ್ದಿದ್ದವು. ಆದರೂ ಅದು ಮೊದಲ ವಲಯದೊಳಗಿದ್ದುದರಿಂದ ಡೆನ್ಮಾರ್ಕಿಗೆ ಸೇರಿತು. ಇತ್ತ ಎರಡನೆಯ ವಲಯದ ಫ್ಯೋರ್ ದ್ವೀಪದಲ್ಲಿ ಗೋಟಿಂಗ್, ಹೇಡೆಹೂಸುಮ್, ಊಟರ್ಸುಮ್ ಎಂಬ ಮೂರು ಹಳ್ಳಿಗಳು ಡೆನ್ಮಾರ್ಕಿಗೆ ಬಹುಮತ ನೀಡಿದ್ದವು. ಅವು ಗಡಿಗೆ ತಾಗಿರದ ಕಾರಣ ಜರ್ಮನಿಯಲ್ಲೇ ಉಳಿದವು. ಮನೆಯಲ್ಲಿ ಡ್ಯಾನಿಶ್ ಆಡುತ್ತಿದ್ದವರಲ್ಲೂ ಹಲವರು ಜರ್ಮನಿಗೇ ಮತ ಹಾಕಿದ್ದರು. ಯಾವ ಗೆರೆಯನ್ನು ಎಳೆದರೂ ಎರಡು ಬದಿಯಲ್ಲಿಯೂ ಅಲ್ಪಸಂಖ್ಯಾತರು ಉಳಿಯುತ್ತಾರೆ. ಇದು ಗಡಿಯ ಸ್ವಭಾವ.

ಹೀಗೆ 1920ರಲ್ಲಿ ಜಿಲ್ಲೆ ಎರಡಾಯಿತು. ಜಿಲ್ಲಾಕೇಂದ್ರವೂ ಹಳೆಯ ಶಿಕ್ಷಕರ ತರಬೇತಿ ಸಂಸ್ಥೆಯೂ ಗಡಿಯಾಚೆ ಹೋದವು. ಜರ್ಮನಿಯಲ್ಲುಳಿದ ಭಾಗಕ್ಕೆ ‘ದಕ್ಷಿಣ ಟೊಂಡರ್ನ್’ ಎಂಬ ಹೆಸರಾಯಿತು. ನೀಬ್ಯುಲ್ ಎಂಬ ಊರು ಅದರ ಕೇಂದ್ರವಾಯಿತು. ತನ್ನೊಳಗಿಲ್ಲದ ಊರಿನ ಹೆಸರನ್ನು ಹೊತ್ತು ಆ ಜಿಲ್ಲೆ ಐವತ್ತು ವರ್ಷ ಬಾಳಿತು. ಸಿಲ್ಟ್ ದ್ವೀಪಕ್ಕೆ ಹೋಗುವ ಹಡಗುಗಳು ಹೊರಡುತ್ತಿದ್ದ ಹೋಯರ್ ರೇವೂ ಡೆನ್ಮಾರ್ಕಿನ ಪಾಲಾದ್ದರಿಂದ, ಜರ್ಮನ್ನರು ತಮ್ಮದೇ ದ್ವೀಪಕ್ಕೆ ಹೋಗಲು ಪರದೇಶವನ್ನು ಹಾಯಬೇಕಾಯಿತು. 1927ರಲ್ಲಿ ಸಮುದ್ರದ ನಡುವೆ ಸುಮಾರು 11 ಕಿಲೋಮೀಟರ್ ಉದ್ದದ ಏರಿಯ ಮೇಲೆ ರೈಲುಮಾರ್ಗ ಸಿದ್ಧವಾದಾಗ ಆ ತೊಡಕು ನೀಗಿತು.

ರೈಲಿನ ತೊಡಕಿಗೆ ಏರಿ ಕಟ್ಟಿದರು. ಭಾಷೆಯ ತೊಡಕಿಗೆ ಏನು ಮಾಡಿದರು? ಎರಡನೆಯ ಮಹಾಯುದ್ಧದ ತರುವಾಯ, 1949ರಲ್ಲಿ, ಶ್ಲೆಸ್‌ವಿಗ್‌-ಹೋಲ್‌ಸ್ಟೈನ್ ರಾಜ್ಯದ ಶಾಸನಸಭೆ ಕೀಲ್ ನಗರದಲ್ಲಿ ಒಂದು ಘೋಷಣೆ ಹೊರಡಿಸಿತು. ಡ್ಯಾನಿಶ್ ಜನಾಂಗಕ್ಕೂ ಸಂಸ್ಕೃತಿಗೂ ತಾನು ಸೇರಿದವನೆಂದು ಹೇಳಿಕೊಳ್ಳಲು ಪ್ರತಿಯೊಬ್ಬನೂ ಸ್ವತಂತ್ರನು. ಅದನ್ನು ಯಾವ ಅಧಿಕಾರಿಯೂ ಪ್ರಶ್ನಿಸುವಂತಿಲ್ಲ, ಪರೀಕ್ಷಿಸುವಂತಿಲ್ಲ ಎಂಬುದು ಅದರ ಸಾರ. 1955ರಲ್ಲಿ ಬಾನ್ ಮತ್ತು ಕೋಪನ್‌ಹೇಗನ್ ಸರ್ಕಾರಗಳೆರಡೂ ತಮ್ಮ ತಮ್ಮ ನೆಲದ ಅಲ್ಪಸಂಖ್ಯಾತರ ಬಗ್ಗೆ ಇದೇ ಬಗೆಯ ಘೋಷಣೆಗಳನ್ನು ಮಾಡಿದವು. ಗಡಿಯ ಗೆರೆ ಕದಲಲಿಲ್ಲ. ಗಡಿಯ ಅರ್ಥ ಬದಲಾಯಿತು. ಮಗುವಿನ ಹೆಸರನ್ನೋ ವಂಶವನ್ನೋ ತಪಾಸಣೆ ಮಾಡಿ ಶಾಲೆಯ ಬಾಗಿಲು ತೆರೆಯುವ ಪದ್ಧತಿಗೆ ಅಲ್ಲಿ ಎಡೆಯಿಲ್ಲವಾಯಿತು.

ಕಡೆಗೆ 1970ರ ಏಪ್ರಿಲ್ 26ರಂದು ದಕ್ಷಿಣ ಟೊಂಡರ್ನ್ ಜಿಲ್ಲೆಯೇ ರದ್ದಾಯಿತು. ಈ ಸಲ ಕಾರಣ ಯುದ್ಧವಲ್ಲ, ಆಡಳಿತ ಸುಧಾರಣೆ. ಚಿಕ್ಕ ಜಿಲ್ಲೆಗಳನ್ನು ಕೂಡಿಸಿ ಸಮರ್ಥವಾದ ದೊಡ್ಡ ಜಿಲ್ಲೆಗಳನ್ನು ಮಾಡುವ ನೀತಿಯಂತೆ ದಕ್ಷಿಣ ಟೊಂಡರ್ನ್, ಹೂಸುಮ್, ಐಡರ್‌ಸ್ಟೆಟ್ ಎಂಬ ಮೂರು ಜಿಲ್ಲೆಗಳು ಒಂದಾದವು. ಕೇಂದ್ರ ಹೂಸುಮ್ ಪಟ್ಟಣಕ್ಕೆ ಹೋಯಿತು. ನೀಬ್ಯುಲ್ ತನ್ನ ಪದವಿಯನ್ನು ಕಳೆದುಕೊಂಡಿತು. ಆದರೆ ಹೊಸ ಜಿಲ್ಲೆಗೆ ಇಟ್ಟ ಹೆಸರು ‘ನಾರ್ಡ್‌ಫ್ರೀಸ್‌ಲಾಂಡ್’, ಅಂದರೆ ಉತ್ತರ ಫ್ರೀಸಿಯನ್ನರ ನಾಡು. ಹೆಲಿಗೊಲಾಂಡ್ ದ್ವೀಪವನ್ನುಳಿದು ಆ ನುಡಿಯ ನೆಲೆಯೆಲ್ಲ ಒಂದೇ ಜಿಲ್ಲೆಯೊಳಗೆ ಬಂದಿತು. ಎಂದೂ ರಾಜ್ಯಭಾಷೆಯಾಗದ, ಕೆಲವೇ ಸಾವಿರ ಜನರ ನಾಲಗೆಯ ಮೇಲಿರುವ ಒಂದು ಸಣ್ಣ ನುಡಿಯ ಜನ ಜಿಲ್ಲೆಗೆ ಹೆಸರಾದರು. 2004ರಲ್ಲಿ ಆ ಭಾಷೆಯ ಬಳಕೆಗೆ ರಾಜ್ಯದ ಶಾಸನವೊಂದರ ಬೆಂಬಲವೂ ದೊರೆಯಿತು. ಇಂದು ನೀಬ್ಯುಲ್ ಊರಿನ ಫಲಕದಲ್ಲಿ ‘ನಾಯ್ಬೆಲ್’ ಎಂಬ ಫ್ರೀಸಿಯನ್ ಹೆಸರೂ ಇದೆ. ಪಕ್ಕದ ರೀಸುಮ್‌-ಲಿಂಡ್‌ಹೋಲ್ಮ್ ಗ್ರಾಮದ ಒಂದು ಶಾಲೆಯಲ್ಲಿ ಮಕ್ಕಳು ಡ್ಯಾನಿಶ್, ಫ್ರೀಸಿಯನ್, ಜರ್ಮನ್ ಮೂರನ್ನೂ ಕಲಿಯುತ್ತಾರೆ.

ಎಲ್ಲವೂ ಸುಖಾಂತವೆಂದು ನಾನು ಹೇಳುತ್ತಿಲ್ಲ. ಫ್ರೀಸಿಯನ್ ಇಂದಿಗೂ ಅಳಿವಿನ ಅಂಚಿನಲ್ಲಿರುವ ನುಡಿ. ಫಲಕದ ಮೇಲಿನ ಅಕ್ಷರ ಮಗುವಿನ ಬಾಯಿಗೆ ತಾನಾಗಿ ಇಳಿಯದು. ಶಾಸನವು ಬಾಗಿಲನ್ನು ತೆರೆದಿಡಬಲ್ಲದು. ಒಳಗೆ ದೀಪ ಹಚ್ಚಬೇಕಾದವರು ತಾಯಿತಂದೆಗಳು ಮತ್ತು ಶಿಕ್ಷಕರು. ನಮ್ಮ ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಅದಕ್ಕೂ ಈ ಮಾತು ಸಲ್ಲುತ್ತದೆ.

ತರಗತಿಯಲ್ಲಿ ನಾವು ಮಾಡಬಹುದಾದುದನ್ನು ಮೂರು ಮಾತುಗಳಲ್ಲಿ ಹೇಳಿ ಮುಗಿಸುತ್ತೇನೆ. ಒಂದು: ಮಕ್ಕಳಿಂದ ಮನೆಯ ಹಳೆಯ ಕ್ರಯಪತ್ರ, ಲಗ್ನಪತ್ರಿಕೆ, ಪಹಣಿಗಳನ್ನು ತರಿಸಿ, ಊರಿನ ಹೆಸರಿನ ಮುಂದೆ ಯಾವ ಯಾವ ಜಿಲ್ಲೆಗಳ ಹೆಸರಿವೆಯೆಂದು ವರ್ಷಾನುಕ್ರಮವಾಗಿ ಬರೆಯಿಸಿರಿ. ಎರಡು: ಗಡಿಯ ಚರಿತ್ರೆಯನ್ನು ಹೇಳುವಾಗ ಆಚೆಯವರ ನೋವನ್ನೂ ಹೇಳಿರಿ. ಫ್ಯೋರ್ ದ್ವೀಪದ ಮೂರು ಹಳ್ಳಿಗಳನ್ನು ಬಿಟ್ಟು ಟೊಂಡರ್ನ್ ಪಟ್ಟಣವನ್ನಷ್ಟೇ ಹೇಳುವವನು ಅರ್ಧ ಸತ್ಯ ಹೇಳುತ್ತಾನೆ. ಮೂರು: ರಾಜ್ಯಭಾಷೆಯನ್ನು ಚೆನ್ನಾಗಿ ಕಲಿತ ಮಗು ಕನ್ನಡಕ್ಕೆ ದ್ರೋಹ ಮಾಡಿತೆಂದು ಎಂದಿಗೂ ಭಾವಿಸದಿರಿ.

ಆ ಬಾಲಕ ಈಗ ಮತ್ತೆ ಸಿಕ್ಕರೆ ಅವನಿಗೆ ಹೀಗೆ ಹೇಳುತ್ತೇನೆ: “ಮಗು, ಜಿಲ್ಲೆ ಸರ್ಕಾರದ ಕಾಗದದಲ್ಲಿರುತ್ತದೆ, ಅದನ್ನು ಒಂದು ಆಜ್ಞೆಯಿಂದ ಬದಲಿಸಬಹುದು. ನಿನ್ನ ಮನೆಯ ಮಾತು ನಿನ್ನ ಅಜ್ಜಿಯಿಂದ ನಿನಗೆ ಬಂದದ್ದು. ಅದು ಉಳಿಯುವುದೂ ಅಳಿಯುವುದೂ ಮುಂದೆ ನೀನು ಅದನ್ನು ಯಾರಿಗೆ ಕೊಡುವೆ ಎಂಬುದರ ಮೇಲಿದೆ.”